ಮೂರು ವರ್ಷದಿಂದ ಅದೇ ಇಪ್ಪತ್ತು ಹಾಡು, ಅದೇ ಎಫ್ ಕಾರ್ಡ್

ಪ್ರಶ್ನೆ: ಸರ್, ನನಗೆ 29 ವರ್ಷ. ಕ್ಯಾತ್ಸಂದ್ರದಲ್ಲಿ ಮನೆ, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಲಾಕ್‌ಡೌನ್ ಟೈಮಲ್ಲಿ ಗಿಟಾರ್ ತಗೊಂಡೆ. ಯಾರ ಹತ್ತಿರವೂ ಹೋಗಿಲ್ಲ, ಎಲ್ಲ ಯೂಟ್ಯೂಬ್ ನೋಡಿಯೇ ಕಲಿತದ್ದು. ಮೊದಲ ವರ್ಷ ಬೇಗ ಬೇಗ ಬಂತು. ಸಿ, ಡಿ, ಜಿ, ಇ ಮೈನರ್, ಎ ಮೈನರ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ಕೇಳುವಂತೆ ತಂತಿ ಒತ್ತುವುದು) ಎಲ್ಲ ಗೊತ್ತು. ಇಪ್ಪತ್ತು ಹಾಡು ನುಡಿಸುತ್ತೇನೆ, ಮನೆಯವರಿಗೂ ಫ್ರೆಂಡ್ಸ್‌ಗೂ ಖುಷಿ. ಆದರೆ ಮೂರು ವರ್ಷದಿಂದ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಎಫ್ ಕಾರ್ಡ್ ಇವತ್ತಿಗೂ ಬರ್ ಅನ್ನುತ್ತದೆ. ಯಾವ ಹಾಡು ತೆಗೆದುಕೊಂಡರೂ ಸ್ಟ್ರಮ್ಮಿಂಗ್, ಅಂದರೆ ಬಲಗೈಯಿಂದ ತಂತಿ ಮೀಟುವುದು, ಒಂದೇ ತರಹ. ಲೀಡ್ (ಒಂದೊಂದೇ ಸ್ವರ ನುಡಿಸುವುದು) ಕಲಿಯೋಣ ಅಂತ ಸ್ಕೇಲ್ ಶುರು ಮಾಡಿದೆ. ತಾಳದ ಒಂದು ಮಾತ್ರೆಗೆ ಎರಡು ಸ್ವರದಂತೆ ನುಡಿಸುವಾಗ, ನಿಮಿಷಕ್ಕೆ ಇಷ್ಟು ಅಂತ ತಾಳ ಬಡಿಯುವ ಮೆಟ್ರೊನೋಮ್ 90 ದಾಟಿದರೆ ಬೆರಳು ತೊಡರುತ್ತದೆ. ದಿನಾ ಅರ್ಧ ಗಂಟೆ, ರಜೆ ದಿನ ಎರಡು ಮೂರು ಗಂಟೆ ಕೂರುತ್ತೇನೆ. ಜಾಸ್ತಿ ನುಡಿಸಿದರೆ ಎಡಗೈ ಮಣಿಕಟ್ಟು ನೋಯುತ್ತದೆ. "ಚಿಕ್ಕಂದಿನಲ್ಲೇ ಕಲಿಯಬೇಕಿತ್ತು, ಈಗ ಬೆರಳು ಬಗ್ಗಲ್ಲ" ಅಂತ ಒಬ್ಬರು ಹೇಳಿದರು. "ಗಿಟಾರೇ ಸರಿ ಇಲ್ಲ, 20 ಸಾವಿರದ್ದು ತಗೋ" ಅಂತ ಇನ್ನೊಬ್ಬರು. ನನ್ನ ಬೆರಳೂ ಗಿಡ್ಡ. ಗುರು ಇಲ್ಲದಿದ್ದರೆ ಇಷ್ಟೇನಾ? ಮಾರಿ ಸುಮ್ಮನಾಗಿಬಿಡಲಾ? ನುಡಿಸಿದ್ದನ್ನು ರೆಕಾರ್ಡ್ ಮಾಡಿ ಜೊತೆಗೆ ಕಳಿಸಿದ್ದೇನೆ, ಕೇಳಿ ಹೇಳಿ.
ಒಬ್ಬ ಓದುಗ, ತುಮಕೂರು

ಉತ್ತರ: ರೆಕಾರ್ಡಿಂಗ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಾಲ್ಕು ಸಲ ಕೇಳಿದೆ. ಮೊದಲ ಸಲ ಸುಮ್ನೆ ಕೇಳಿದೆ. ಎರಡನೇ ಸಲ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕೇಳಿದೆ. ಆಗ ಸಿಕ್ಕಿತು. ನೀವು ಸಿ ಕಾರ್ಡ್‌ನಿಂದ ಎಫ್‌ಗೆ ಹೋಗುವಾಗಲೆಲ್ಲ ನನ್ನ ಬೆರಳು ಮೇಜಿಗೆ ಬಡಿದ ಮೇಲೆ ನಿಮ್ಮ ಸ್ಟ್ರಮ್ ಬರುತ್ತದೆ. ಅರ್ಧ ಮಾತ್ರೆ ತಡ. ಎರಡು ನಿಮಿಷದಲ್ಲಿ ಎಫ್ ಹನ್ನೊಂದು ಸಲ ಬಂದಿದೆ, ಹನ್ನೊಂದು ಸಲವೂ ಹೀಗೇ. ಮೂರನೇ ಸಲ ಕೇಳುವಾಗ ಇನ್ನೊಂದು ವಿಷಯ ಕಿವಿಗೆ ಬಿತ್ತು. ಜಿ ಇಂದ ಸಿ ಗೆ ಬರುವ ಕಡೆಯಲ್ಲೂ, ಅಂದರೆ ನಿಮಗೆ ನೀರು ಕುಡಿದಷ್ಟು ಸಲೀಸಾದ ಜಾಗದಲ್ಲೂ, ಬಲಗೈ ಒಂದು ಚೂರು ನಿಲ್ಲುತ್ತದೆ. ಎಡಗೈ ಬಂದು ಕೂತಿತಾ ಅಂತ ನೋಡಿಕೊಂಡು ಆಮೇಲೆ ಹೊರಡುತ್ತದೆ.

ನೀವು ಮೂರು ವರ್ಷದಿಂದ ಎಫ್ ಕಾರ್ಡ್ ಮೇಲೆ ಕೋಪ ಮಾಡಿಕೊಂಡಿದ್ದೀರಿ. ನಿಜವಾಗಿ ನಿಮ್ಮನ್ನು ಹಿಡಿದು ನಿಲ್ಲಿಸಿರುವುದು ಈ ಕಾಯುವ ಬಲಗೈ. ದಿನಾ ಅರ್ಧ ಗಂಟೆ ನುಡಿಸಿ ನುಡಿಸಿ ಆ ಕಾಯುವುದನ್ನೇ ಪಕ್ಕಾ ಮಾಡಿಕೊಂಡಿದ್ದೀರಿ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ. ಅವುಗಳ ಹಿಂದಿರುವ ಭಯ ಮಾತ್ರ ಒಂದೇ. ನನ್ನ ಕೈಲಿ ಇಷ್ಟೇ ಆಗುವುದು, ಮುಂದಿನ ಬಾಗಿಲು ಮುಚ್ಚಿದೆ ಅನ್ನುವ ಭಯ. 22 ವರ್ಷದಿಂದ ತುಮಕೂರಿನಲ್ಲಿ ಗಿಟಾರ್ ಹೇಳಿಕೊಡುತ್ತಿದ್ದೇನೆ. ತಾವಾಗಿ ಕಲಿತು ಆಮೇಲೆ ನನ್ನ ಹತ್ತಿರ ಬಂದವರು ಬಹುಪಾಲು ಇದೇ ಮೆಟ್ಟಿಲ ಮೇಲೆ ನಿಂತಿದ್ದರು. ಓಪನ್ ಕಾರ್ಡ್ (ಕೆಲವು ತಂತಿಯನ್ನು ಒತ್ತದೆ ತೆರೆದೇ ಬಿಡುವವು) ಎಲ್ಲ ಬರುತ್ತದೆ, ಎಫ್ ಬರುವುದಿಲ್ಲ, ಎಲ್ಲ ಹಾಡಿಗೂ ಒಂದೇ ಸ್ಟ್ರಮ್ಮಿಂಗ್. ಇದು ನಿಮ್ಮೊಬ್ಬರ ಕೈಯ ದೋಷ ಆಗಿದ್ದರೆ ಇಷ್ಟು ಜನ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿರಲಿಲ್ಲ ಅಲ್ವಾ?

ಹಾಗಾದರೆ ಯಾಕೆ ನಿಲ್ಲುತ್ತದೆ? ಇದನ್ನು ಮೊದಲು ಗಮನವಿಟ್ಟು ನೋಡಿದ್ದು ಗಿಟಾರ್‌ನವರಲ್ಲ, ತಂತಿ ಕಳಿಸುವ ಟೆಲಿಗ್ರಾಫ್ ಕೆಲಸಗಾರರ ಬಗ್ಗೆ ಅಧ್ಯಯನ ಮಾಡಿದವರು. ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ಇಬ್ಬರು 1897 ಮತ್ತು 1899ರಲ್ಲಿ ಇದನ್ನು ಬರೆದರು. ಮೋರ್ಸ್ ಕೋಡ್ ಕಲಿಯುವವರು ಬಂದ ಸಂದೇಶವನ್ನು ಕಿವಿಯಲ್ಲಿ ಕೇಳಿ ಬರೆದುಕೊಳ್ಳಬೇಕು. ಅದರ ವೇಗ ಮೊದಲು ಏರಿತು, ಆಮೇಲೆ ವಾರಗಟ್ಟಲೆ ಏರದೆ ನಿಂತಿತು, ಮತ್ತೆ ಏರಿತು. ಆ ನಿಂತ ಜಾಗಕ್ಕೆ ಅವರಿಟ್ಟ ಹೆಸರು ಪ್ಲಾಟೋ, ನಮ್ಮ ಸ್ಕೂಲ್ ಪುಸ್ತಕದ ಮಾತಿನಲ್ಲಿ ಪ್ರಸ್ಥಭೂಮಿ. ಅವರು ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಕಲಿಯುವವನು ಮೊದಲು ಒಂದೊಂದೇ ಅಕ್ಷರ ಕೇಳುತ್ತಾನೆ. ಪಳಗಿದವನಿಗೆ ಇಡೀ ಪದ, ಇಡೀ ವಾಕ್ಯವೇ ಒಂದು ಸದ್ದಾಗಿ ಕೇಳುತ್ತದೆ. ಅಕ್ಷರದಿಂದ ಪದಕ್ಕೆ ದಾಟುವ ನಡುವೆ ವೇಗ ನಿಂತಂತೆ ಕಾಣುತ್ತದೆ.

ಒಂದನೇ ಕ್ಲಾಸಿನ ಮಗು ಓದುವುದನ್ನು ನೋಡಿದ್ದೀರಲ್ಲ. "ಕ... ಮ... ಲ..., ಕಮಲ." ಪ್ರತಿ ಅಕ್ಷರವೂ ಗೊತ್ತು, ಆದರೂ ಓದು ಓಡುವುದಿಲ್ಲ. ನೀವೀಗ ಗಿಟಾರ್ ಅನ್ನು ಹಾಗೆ ಓದುತ್ತಿದ್ದೀರಿ. ಸಿ ಗೊತ್ತು, ಎ ಮೈನರ್ ಗೊತ್ತು, ಜಿ ಗೊತ್ತು. ಆದರೆ ಸಿ ಇಂದ ಎ ಮೈನರ್‌ಗೆ ಹೋಗುವುದು ಇನ್ನೂ ಒಂದು ಪದ ಆಗಿಲ್ಲ. ಎರಡು ಬಿಡಿ ಅಕ್ಷರ, ನಡುವೆ ಒಂದು ಉಸಿರು.

ಇಂಥ ನಿಲುಗಡೆ ಎಲ್ಲರಿಗೂ ಬಂದೇ ಬರುತ್ತದೆ ಅಂತೇನೂ ಇಲ್ಲ ಎಂದು ನಂತರ ಬಂದವರು ತೋರಿಸಿದರು. ನನ್ನ ಅನುಭವವೂ ಅದೇ. ಸುಮ್ನೆ ಕಾದರೆ ತಾನಾಗಿ ಬಿಟ್ಟುಹೋಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾಕೆಂದರೆ ಕೆಲವರದ್ದು ಬಿಡುವುದೇ ಇಲ್ಲ. ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಟೈಪ್ ಮಾಡುವವರನ್ನು ನೋಡಿ. ದಿನಾ ಆರು ಗಂಟೆ ಕೀಬೋರ್ಡ್ ಮೇಲೆ ಕೈ ಇರುತ್ತದೆ, ವೇಗ ಮಾತ್ರ ಮೊದಲಿದ್ದಷ್ಟೇ. ಕೆಲಸ ನಡೆಯುವಷ್ಟು ಬಂದ ಕೂಡಲೇ ಕೈ ತನ್ನ ಪಾಡಿಗೆ ತಾನು ಓಡಲು ಶುರುಮಾಡುತ್ತದೆ. ಮನಸ್ಸು ಬೇರೆ ಕಡೆ ಹೋಗುತ್ತದೆ. ಆಮೇಲೆ ಎಷ್ಟು ಸಲ ಮಾಡಿದರೂ ಅದು ಬದಲಾಗುವುದಿಲ್ಲ, ಇದ್ದ ಹಾಗೇ ಗಟ್ಟಿಯಾಗುತ್ತದೆ. ನೀವು ದಿನಾ ಅರ್ಧ ಗಂಟೆ ಮಾಡುತ್ತಿರುವುದು ನುಡಿಸುವುದು. ಅದು ಬೇಕು, ಅದಕ್ಕೇ ತಾನೇ ಗಿಟಾರ್ ತಂದದ್ದು. ಆದರೆ ಅಭ್ಯಾಸ ಅನ್ನುವುದು ಬೇರೆ ಕೆಲಸ, ಅದನ್ನು ನೀವು ಬಹುಶಃ ಎರಡನೇ ವರ್ಷವೇ ನಿಲ್ಲಿಸಿದ್ದೀರಿ.

ಈಗ ನಿಮಗೆ ಬೇರೆಯವರು ಹೇಳಿದ ಮಾತುಗಳಿಗೆ ಬರೋಣ.

ವಯಸ್ಸು. 29ಕ್ಕೆ ಬೆರಳು ಬಗ್ಗುವುದಿಲ್ಲ ಅನ್ನುವುದು ಸುಳ್ಳು. ನನ್ನ ಹತ್ತಿರ ರಿಟೈರ್ ಆದ ಮೇಲೆ ಬಂದವರೊಬ್ಬರು ಎರಡು ವರ್ಷದಲ್ಲಿ ಬಾರ್ ಕಾರ್ಡ್ (ಎಫ್‌ನಂತೆ ಒಂದೇ ಬೆರಳನ್ನು ಅಡ್ಡ ಇಟ್ಟು ಹಲವು ತಂತಿ ಒತ್ತುವುದು) ಹಿಡಿದು ಭಾವಗೀತೆಗಳಿಗೆ ನುಡಿಸಿದರು. ಮಕ್ಕಳಿಗೆ ಸಮಯ ಜಾಸ್ತಿ, ತಪ್ಪಿದರೆ ನಾಚಿಕೆ ಕಡಿಮೆ. ದೊಡ್ಡವರಿಗೆ ಯಾಕೆ ತಪ್ಪಿತು ಅಂತ ಯೋಚಿಸುವ ಶಕ್ತಿ ಇರುತ್ತದೆ. ಅದನ್ನು ಬಳಸಿಕೊಳ್ಳಬೇಕು.

ಗಿಡ್ಡ ಬೆರಳು. ಜ್ಯಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕರ ಎಡಗೈ 1928ರಲ್ಲಿ ಬೆಂಕಿಯಲ್ಲಿ ಸುಟ್ಟು, ಉಂಗುರದ ಬೆರಳು ಮತ್ತು ಕಿರುಬೆರಳು ಸರಿಯಾಗಿ ಆಡದ ಹಾಗಾಯಿತು. ಉಳಿದೆರಡು ಬೆರಳಿನಲ್ಲೇ ಅವರು ಲೀಡ್ ನುಡಿಸಿ ಜಗತ್ತಿಗೇ ಹೆಸರಾದರು. ನೀವು ಫ್ಯಾಕ್ಟರಿಯವರು, ಹಾಗಾಗಿ ಇದನ್ನೂ ಹೇಳಲೇಬೇಕು. ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ಸಂಗೀತ ತಂಡದ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡರು, ಅದೂ ತಂತಿ ಒತ್ತುವ ಕೈಯದ್ದು. ಆಗ ಅದೇ ಕಾರ್ಖಾನೆಯ ಮೇಲಿನವರೊಬ್ಬರು ಅವರಿಗೆ ಜ್ಯಾಂಗೊ ರೆಕಾರ್ಡ್ ಕೇಳಿಸಿದರು. ಐಯೋಮಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳ್ಳಗಿನ ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ತೆಳ್ಳಗಿನ ತಂತಿ ಅನ್ನುವ ಮಾತನ್ನು ನೆನಪಿಡಿ, ಅದು ನಿಮಗೂ ಬೇಕಾಗುತ್ತದೆ.

ನೀವು ಕೇಳಿಲ್ಲ, ಆದರೆ ಇಂಟರ್‌ನೆಟ್‌ನಲ್ಲಿ ಓದಿರುತ್ತೀರಿ: ಹತ್ತು ಸಾವಿರ ಗಂಟೆ ನುಡಿಸಿದರೆ ಯಾರಾದರೂ ಉಸ್ತಾದ್ ಆಗುತ್ತಾರೆ ಅನ್ನುವ ಮಾತು. ಅದರ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲಿನ ಅಧ್ಯಯನ. ಹತ್ತು ಸಾವಿರ ಅನ್ನುವುದು ಅಲ್ಲಿ ಅತ್ಯುತ್ತಮ ಗುಂಪಿನವರು 20ನೇ ವಯಸ್ಸಿನ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಮಾತ್ರ. ದಾಟಿದರೆ ಪಾಸು ಅನ್ನುವ ಗೆರೆ ಅಲ್ಲ. ಅವರು ಒತ್ತಿ ಹೇಳಿದ್ದು ಬೇರೆ: ಬರದಿರುವ ಒಂದು ಸಣ್ಣ ಜಾಗವನ್ನು ಹಿಡಿದು, ತಪ್ಪು ಎಲ್ಲಿ ಅಂತ ತಿಳಿದು, ತಿದ್ದಿಕೊಳ್ಳುತ್ತಾ ಮಾಡುವ ಅಭ್ಯಾಸ. ಇನ್ನೊಂದು ವಿಷಯವೂ ಅದರಲ್ಲಿತ್ತು. ಚೆನ್ನಾಗಿ ನುಡಿಸುವವರು ನಿದ್ದೆಯನ್ನೂ ಜಾಸ್ತಿ ಮಾಡುತ್ತಿದ್ದರು. ಶಿಫ್ಟ್ ಕೆಲಸದ ನಿಮಗೆ ಇದು ಮುಖ್ಯ.

ಇನ್ನು ಗಿಟಾರ್ ಸರಿ ಇಲ್ಲ ಅನ್ನುವ ಮಾತು. ಇದರಲ್ಲಿ ಅರ್ಧ ನಿಜ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನನ್ನ ಮೊದಲ ಗಿಟಾರ್ ಅನ್ನು ಕಾಲೇಜಿನಲ್ಲಿದ್ದಾಗ ಒಂದು ಅಂಗಡಿಯಲ್ಲಿ ತಂದೆ. ತಂತಿ ಕುತ್ತಿಗೆ ಮೇಲಿನ ಲೋಹದ ಗೆರೆ, ಅಂದರೆ ಫ್ರೆಟ್‌ಗಿಂತ ಎಷ್ಟು ಎತ್ತರ ಇತ್ತೆಂದರೆ, 12ನೇ ಫ್ರೆಟ್ ಹತ್ತಿರ ನನ್ನ ಪೆನ್ಸಿಲ್ ತೂರುತ್ತಿತ್ತು. ಅಂಗಡಿಯವರು "ಕೈ ಪಳಗಿದರೆ ಸರಿಹೋಗುತ್ತದೆ" ಅಂದರು. ಒಂದು ವರ್ಷ ಪೂರ್ತಿ ಬೆರಳ ತುದಿ ಒಡೆದುಕೊಂಡು, ನನ್ನ ಕೈಯೇ ಬಲಹೀನ ಅಂತ ನಂಬಿದ್ದೆ. ಕೊನೆಗೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಅಣ್ಣನೊಬ್ಬ ಅದನ್ನು ಕೈಗೆ ತಗೊಂಡು, ತಂತಿಗಳನ್ನು ಕಟ್ಟುವ ಬ್ರಿಜ್‌ನಲ್ಲಿರುವ ಬಿಳಿ ಪಟ್ಟಿಯನ್ನು ತೆಗೆದು, ಉಪ್ಪುಕಾಗದದ ಮೇಲೆ ಉಜ್ಜಿ ತಗ್ಗಿಸಿಕೊಟ್ಟ. ಮುಕ್ಕಾಲು ಗಂಟೆಯ ಕೆಲಸ. ಆ ಸಂಜೆಯೇ ನನ್ನ ಎಫ್ ಮೊದಲ ಸಲ ಪೂರ್ತಿ ಕೇಳಿಸಿತು. ಆ ಒಂದು ವರ್ಷ ನೆನೆದರೆ ಈಗಲೂ ಸಂಕಟ ಆಗುತ್ತದೆ. ಅದಕ್ಕೇ ಹೊಸಬರು ಯಾರು ಬಂದರೂ ಮೊದಲು ಗಿಟಾರ್ ನೋಡುತ್ತೇನೆ, ಆಮೇಲೆ ಕೈ ನೋಡುತ್ತೇನೆ.

ನೀವು ಮನೆಯಲ್ಲೇ ನೋಡಿಕೊಳ್ಳಬಹುದು. ಸ್ಕೂಲ್ ಸ್ಕೇಲ್ ತಗೊಳ್ಳಿ. ಸ್ಟೀಲ್ ತಂತಿಯ ಗಿಟಾರ್ ಆದರೆ, 12ನೇ ಫ್ರೆಟ್‌ನ ಲೋಹದ ಮೇಲಿನಿಂದ ತಂತಿಯ ಕೆಳಗಿನವರೆಗೆ ಅಳೆಯಿರಿ. ದಪ್ಪ ಇ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳ್ಳಗಿನ ಇ ತಂತಿಗೆ ಸುಮಾರು 2 ಮಿಲಿಮೀಟರ್ ಇದ್ದರೆ ಚೆನ್ನ. 3.5 ಅಥವಾ 4 ಇದ್ದರೆ ನೀವು ಇಷ್ಟು ದಿನ ಗುಡ್ಡ ಹತ್ತುತ್ತಿದ್ದಿರಿ ಅಂತ ಅರ್ಥ. ಎರಡನೆಯದು, ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ನೋಡಿ. ತಂತಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟೇ ಜಾಗ ಇರಬೇಕು. ಜಾಸ್ತಿ ಇದ್ದರೆ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ಅಂದರೆ ನಟ್, ಎತ್ತರ ಇದೆ. ಎಫ್ ಹಿಡಿಯುವುದು 1ನೇ ಫ್ರೆಟ್‌ನಲ್ಲಿ, ನಟ್ ಪಕ್ಕದಲ್ಲೇ. ಅಲ್ಲಿ ಎತ್ತರ ಇದ್ದರೆ ಪೈಲ್ವಾನನಿಗೂ ಎಫ್ ಕಷ್ಟ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಹೀಗಾಗಿ ಹೊಸದರಲ್ಲಿ ಸರಿಯಿದ್ದ ಎತ್ತರವೂ ಬದಲಾಗಿರಬಹುದು.

ತಂತಿ ಹಳೆಯದಾಗಿದ್ದರೆ ಬದಲಿಸಿ. ಸೆಟ್ಟಿನ ನಂಬರ್ ತಂತಿಯ ದಪ್ಪ ಹೇಳುತ್ತದೆ. ಈಗ 12ರ ಸೆಟ್ ಇದ್ದರೆ 11ರ ಅಥವಾ 10ರ ಸೆಟ್ ಕೇಳಿ ತನ್ನಿ. ಸದ್ದು ಸ್ವಲ್ಪ ತೆಳುವಾಗುತ್ತದೆ, ಒತ್ತುವುದು ಬಹಳ ಹಗುರ ಆಗುತ್ತದೆ. ಈ ಎತ್ತರ ಸರಿಪಡಿಸುವ ಸೆಟಪ್ ಅನ್ನು ಗೊತ್ತಿದ್ದವರ ಕೈಲಿ ಮಾಡಿಸಿ. ನಟ್ ಜಾಸ್ತಿ ಕೊರೆದರೆ ತೆರೆದ ತಂತಿ ಗೊರಗೊರ ಅನ್ನುತ್ತದೆ, ಹೊಸ ನಟ್ ಹಾಕಿಸಬೇಕಾಗುತ್ತದೆ. ಕುತ್ತಿಗೆಯೊಳಗಿನ ಟ್ರಸ್ ರಾಡ್ ಅನ್ನು ವಿಡಿಯೋ ನೋಡಿ ತಿರುಗಿಸಲು ಹೋಗಬೇಡಿ. ಬಲವಂತ ಮಾಡಿದರೆ ಕುತ್ತಿಗೆಯೇ ಹಾಳಾಗುತ್ತದೆ. ಇಷ್ಟಕ್ಕೆ 20 ಸಾವಿರ ಬೇಡ.

ಈಗ ಎಫ್. ತೋರುಬೆರಳು ಆರೂ ತಂತಿಯನ್ನು ಒತ್ತಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಿಯಾಗಿ ನೋಡಿ: ಐದನೇ, ನಾಲ್ಕನೇ, ಮೂರನೇ ತಂತಿಯನ್ನು ಉಳಿದ ಮೂರು ಬೆರಳು ಹಿಡಿದಿರುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು ಆರನೆಯದು, ಎರಡನೆಯದು, ಒಂದನೆಯದು. ಮೂರೇ ತಂತಿ. ಬೆರಳಿನ ಮೆತ್ತಗಿನ ಹೊಟ್ಟೆಯ ಬದಲು ಹೆಬ್ಬೆರಳ ಕಡೆಯ ಗಟ್ಟಿ ಅಂಚು ತಂತಿಗೆ ತಾಗುವಂತೆ ಸ್ವಲ್ಪ ಹೊರಳಿಸಿ. ಫ್ರೆಟ್ ಲೋಹಕ್ಕೆ ಆದಷ್ಟು ಹತ್ತಿರ ಇಡಿ. ಹೆಬ್ಬೆರಳಿನಿಂದ ಹಿಂಡಬೇಡಿ. ಮೊಣಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ತೋಳಿನ ಭಾರವೇ ಒತ್ತುತ್ತದೆ. ಮತ್ತೆ, 1ನೇ ಫ್ರೆಟ್‌ನಿಂದ ಶುರು ಮಾಡಬೇಡಿ. ಅದೇ ಆಕಾರವನ್ನು 5ನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಕಾರ್ಡ್. ತಂತಿ ಅಲ್ಲಿ ಮೆತ್ತಗೆ ಬಗ್ಗುತ್ತದೆ. ಒಂದು ವಾರ ಅಲ್ಲೇ ಇರಿ. ಆಮೇಲೆ 4ಕ್ಕೆ ಇಳಿಯಿರಿ, 3ಕ್ಕೆ ಬಂದರೆ ಜಿ, ಕೊನೆಗೆ 1ಕ್ಕೆ ಬಂದರೆ ಎಫ್. ಮೆಟ್ಟಿಲು ಇಳಿದ ಹಾಗೆ.

ಇನ್ನು ಮುಖ್ಯವಾದದ್ದು, ಬಲಗೈ.

ನಿಮ್ಮ ಬಲಗೈಗೆ ಒಂದೇ ಒಂದು ಕಾನೂನು ಹಾಕಿ: ನಿಲ್ಲಬಾರದು. ಮೆಟ್ರೊನೋಮ್ 60ಕ್ಕೆ ಇಡಿ. ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಮುಟ್ಟಿಸಿಡಿ, ಸ್ವರ ಬರಬಾರದು, ಚಕ್ ಚಕ್ ಅನ್ನಬೇಕು ಅಷ್ಟೇ. ಕೈಯನ್ನು ತೊಟ್ಟಿಲು ತೂಗಿದ ಹಾಗೆ ಕೆಳಗೆ ಮೇಲೆ ಆಡಿಸಿ. ಎರಡು ನಿಮಿಷ ಹೀಗೇ. ಆಮೇಲೆ ಸಿ ಗೆ ನಾಲ್ಕು ಮಾತ್ರೆ, ಎಫ್‌ಗೆ ನಾಲ್ಕು ಮಾತ್ರೆ. ಎಫ್ ಸರಿಯಾಗಿ ಕೂರದಿದ್ದರೂ, ಅರ್ಧ ತಂತಿ ಸತ್ತಿದ್ದರೂ, ಬಲಗೈ ತೂಗುತ್ತಲೇ ಇರಬೇಕು. ಮೊದಲ ವಾರ ಕೆಟ್ಟದಾಗಿ ಕೇಳಿಸುತ್ತದೆ. ಮನೆಯವರು "ಏನಾಯ್ತೋ ನಿಂಗೆ" ಅಂತ ಕೇಳಬಹುದು. ತಡೆದುಕೊಳ್ಳಿ. ಇಷ್ಟು ದಿನ ಬಲಗೈ ಎಡಗೈಗಾಗಿ ಕಾದಿತು. ಇನ್ನು ಮುಂದೆ ಎಡಗೈ ಬಲಗೈಯನ್ನು ಹಿಂಬಾಲಿಸಿ ಓಡಲು ಕಲಿಯಬೇಕು. ಬಸ್ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೆ ತಾನೇ ನಾವು ಬೇಗ ಹೊರಡುವುದು?

ಪಳಗಿದವರು ಮಾಡುವ ಒಂದು ಸಣ್ಣ ಕೆಲಸ ಇದೆ, ವಿಡಿಯೋಗಳಲ್ಲಿ ಕಾಣಿಸುತ್ತದೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರು ನಾಲ್ಕನೇ ಮಾತ್ರೆ ಮುಗಿಯುವ ತನಕ ಕಾರ್ಡ್ ಹಿಡಿದಿರುವುದಿಲ್ಲ. ಕೊನೆಯ ಮೇಲ್ಮುಖ ಹೊಡೆತ ಬರುವಾಗ ಎಡಗೈ ಆಗಲೇ ಎದ್ದಿರುತ್ತದೆ. ಆ ಒಂದು ಹೊಡೆತ ತೆರೆದ ತಂತಿಗಳ ಮೇಲೆ ಬೀಳುತ್ತದೆ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಆ ಅರ್ಧ ಮಾತ್ರೆ ಎಡಗೈಗೆ ಸಿಗುವ ಸಮಯ. ನಿಮ್ಮ ರೆಕಾರ್ಡಿಂಗ್‌ನಲ್ಲಿ ತಡವಾಗುತ್ತಿರುವುದೂ ಸರಿಯಾಗಿ ಅಷ್ಟೇ, ಅರ್ಧ ಮಾತ್ರೆ. ನೀವು ಕೊನೆಯ ಹೊಡೆತದವರೆಗೂ ಸಿ ಅನ್ನು ಬಿಗಿಯಾಗಿ ಹಿಡಿದುಕೊಂಡು, ಆಮೇಲೆ ಹೊರಡುತ್ತಿದ್ದೀರಿ. ಬೇಗ ಬಿಡಿ.

ಎಲ್ಲ ಹಾಡಿಗೂ ಒಂದೇ ಸ್ಟ್ರಮ್ಮಿಂಗ್ ಅಂದಿರಿ. ನೀವು ಹೊಡೆಯುತ್ತಿರುವುದು ಡೌನ್ ಡೌನ್ ಅಪ್, ಅಪ್ ಡೌನ್ ಅಪ್. ಅದು ನಾಲ್ಕರ ಲೆಕ್ಕ, ತಕಧಿಮಿ. ಆದರೆ ನಮ್ಮ ಭಾವಗೀತೆ, ಜಾನಪದ, ಹಳೆ ಸಿನಿಮಾ ಹಾಡುಗಳಲ್ಲಿ ಎಷ್ಟೋ ಹಾಡು ಮೂರರ ನಡೆಯಲ್ಲಿವೆ, ತಕಿಟ ತಕಿಟ. ಅದಕ್ಕೆ ನಾಲ್ಕರ ಸ್ಟ್ರಮ್ ಹಾಕಿದರೆ ಹಾಡು ಕುಂಟುತ್ತದೆ. ಹಾಡನ್ನು ಕೈಗೆ ತಗೊಳ್ಳುವ ಮೊದಲು ಗಿಟಾರ್ ಪಕ್ಕಕ್ಕಿಟ್ಟು ಬಾಯಲ್ಲಿ ಹೇಳಿನೋಡಿ, ತಕಧಿಮಿ ಕೂರುತ್ತದಾ, ತಕಿಟ ಕೂರುತ್ತದಾ? ಯಾವುದು ಕೂತಿತೋ ಅದನ್ನೇ ಬಲಗೈಗೆ ಕೊಡಿ. ಯೂಟ್ಯೂಬ್‌ನಲ್ಲಿ ಪ್ರತಿ ಹಾಡಿಗೂ ಸ್ಟ್ರಮ್ಮಿಂಗ್ ಪ್ಯಾಟರ್ನ್ ಹುಡುಕುವ ಕೆಲಸವೇ ತಪ್ಪುತ್ತದೆ.

ವೇಗದ ವಿಷಯಕ್ಕೂ ನಮ್ಮಲ್ಲೇ ಒಳ್ಳೆಯ ದಾರಿ ಇದೆ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ಸಂಪ್ರದಾಯ ಹೇಳುವ ಸರಳೆ ವರಸೆ, ಮಾಯಾಮಾಳವಗೌಳ ರಾಗದಲ್ಲಿ. ಗಿಟಾರ್‌ನ ಒಂದೇ ತಂತಿಯ ಮೇಲೆ ಸಿಗುತ್ತದೆ: ತೆರೆದ ತಂತಿ ಸ, ಆಮೇಲೆ 1, 4, 5, 7, 8, 11ನೇ ಫ್ರೆಟ್, 12ರಲ್ಲಿ ಮೇಲಿನ ಸ. ಅದನ್ನು ಮೂರು ಕಾಲದಲ್ಲಿ ಹೇಳಿಕೊಡುವುದು ನಮ್ಮ ಪದ್ಧತಿ. ಒಂದನೇ ಕಾಲದಲ್ಲಿ ಮಾತ್ರೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ತಾಳ ಬದಲಾಗುವುದಿಲ್ಲ, ಒಳಗೆ ತುಂಬುವುದು ಬದಲಾಗುತ್ತದೆ. ನೀವು ಮೆಟ್ರೊನೋಮ್ ಅನ್ನು 88, 90, 92 ಅಂತ ತಳ್ಳುತ್ತಾ ಹೋಗಿದ್ದೀರಿ. ಅದರ ಬದಲು 45ಕ್ಕೆ ಇಡಿ. ಮಾತ್ರೆಗೆ ನಾಲ್ಕು ಸ್ವರ ನುಡಿಸಿದರೆ ಅದು ನಿಮ್ಮ 90ರ ವೇಗವೇ. ಆದರೆ ಅದೇ 45ರಲ್ಲಿ ಒಂದು ಸ್ವರದ ನಿಧಾನವೂ ಇದೆ, ಅಲ್ಲಿ ಕೈ ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ನುಡಿಸುತ್ತಾ ಸ್ವರ ಹಾಡಿ. ಗಂಟಲು ಹೇಗಿದ್ದರೂ ಪರವಾಗಿಲ್ಲ. ಹಾಡಲು ಬಂದದ್ದು ಬೆರಳಿಗೆ ಬೇಗ ಇಳಿಯುತ್ತದೆ.

ತೊಡರುವುದು ಯಾವ ಕೈ ಅಂತಲೂ ಪರೀಕ್ಷೆ ಮಾಡಿ. ಎಡಗೈ ಇಲ್ಲದೆ ಒಂದೇ ತೆರೆದ ತಂತಿಯ ಮೇಲೆ ಪಿಕ್ (ಮೀಟುವ ಚಿಪ್ಪು) ಓಡಿಸಿ. ಮಾತ್ರೆಗೆ ಎರಡರಂತೆ 100 ಸಲೀಸಾಗಿ ದಾಟಿದರೆ ತೊಂದರೆ ಎಡಗೈಯಲ್ಲಿದೆ, ಇಲ್ಲವೇ ಎರಡೂ ಕೈ ಸೇರುವಲ್ಲಿದೆ. ಬೆರಳುಗಳು ತಂತಿ ಬಿಟ್ಟು ಅರ್ಧ ಇಂಚು ಮೇಲೆ ಹಾರುತ್ತಿರಬಹುದು. ನಾನು ನೋಡಿದವರಲ್ಲಿ ಹೆಚ್ಚಿನವರದ್ದು ಇದೇ.

ದಿನದ ಅರ್ಧ ಗಂಟೆಯನ್ನು ಹೀಗೆ ಹಂಚಿ. ಬಲಗೈಗೆ ಐದು ನಿಮಿಷ. ಒಂದೇ ಒಂದು ಕಾರ್ಡ್ ಬದಲಾವಣೆಗೆ ಐದು ನಿಮಿಷ. ಅದರಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಎಷ್ಟು ಸಲ ಸರಿಯಾಗಿ ಬದಲಾಯಿತು ಅಂತ ಎಣಿಸಿ, ಕ್ಯಾಲೆಂಡರ್‌ನಲ್ಲಿ ಆ ದಿನದ ಮನೆಯಲ್ಲಿ ಬರೆಯಿರಿ. ಸರಳೆ ವರಸೆಗೆ ಐದು ನಿಮಿಷ. ಮತ್ತೆ ಕಾರ್ಡ್ ಬದಲಾವಣೆಗೆ ವಾಪಸ್ ಬನ್ನಿ. ಒಂದನ್ನೇ ಇಪ್ಪತ್ತು ನಿಮಿಷ ತಿಕ್ಕುವುದಕ್ಕಿಂತ ಬಿಟ್ಟು ಬಿಟ್ಟು ಬರುವುದು ಮೇಲು. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬವರು ಕೈಚಳಕದ ಕೆಲಸಗಳ ಮೇಲೆ ಇದನ್ನು ತೋರಿಸಿದ್ದರು. ಕಲಸಿ ಅಭ್ಯಾಸ ಮಾಡಿದವರು ಆ ಹೊತ್ತಿಗೆ ಹಿಂದೆ ಬಿದ್ದಂತೆ ಕಂಡರೂ, ಆಮೇಲೆ ಚೆನ್ನಾಗಿ ಉಳಿಸಿಕೊಂಡಿದ್ದರು. ಉಳಿದ ಸಮಯ ನಿಮ್ಮ ಇಪ್ಪತ್ತು ಹಾಡಿಗೆ, ಖುಷಿಯಿಂದ ನುಡಿಸಿ.

ನೈಟ್ ಶಿಫ್ಟ್ ವಾರ ಬೇರೆ ಲೆಕ್ಕ. ಆ ವಾರ ಹೊಸದೇನೂ ಶುರು ಮಾಡಬೇಡಿ. ಬೆಳಿಗ್ಗೆ ಬಂದು ನಿದ್ದೆಗೆಟ್ಟು ನುಡಿಸುವುದಕ್ಕಿಂತ ಮಲಗಿ ಎದ್ದು ಹತ್ತು ನಿಮಿಷ ನುಡಿಸಿ. ಕಲಿತದ್ದು ಕೈಯಲ್ಲಿ ಕೂರುವ ಕೆಲಸ ಎಷ್ಟೋ ಮಟ್ಟಿಗೆ ನಿದ್ದೆಯಲ್ಲೇ ನಡೆಯುತ್ತದೆ. ರಾತ್ರಿ ಬರದೇ ಇದ್ದದ್ದು ಎದ್ದ ಮೇಲೆ ಬಂದಿರುವುದನ್ನು ನೀವೂ ನೋಡಿರುತ್ತೀರಿ.

ಮಣಿಕಟ್ಟಿನ ನೋವನ್ನು ಹಗುರವಾಗಿ ತಗೋಬೇಡಿ. ಬೆರಳ ತುದಿ ಉರಿಯುವುದು ಸಹಜ, ಮಣಿಕಟ್ಟು ನೋಯುವುದು ಸಹಜ ಅಲ್ಲ. ಹಾಸಿಗೆಯ ಮೇಲೆ ಬಗ್ಗಿ ಕೂತು ನುಡಿಸುತ್ತೀರಾ? ಕೈಯಿಲ್ಲದ ಕುರ್ಚಿಗೆ ಬನ್ನಿ, ಕೂತಿದ್ದರೂ ಗಿಟಾರ್ ಅನ್ನು ಹೆಗಲಿಗೆ ಹಾಕುವ ಪಟ್ಟಿ ಹಾಕಿಕೊಳ್ಳಿ, ಗಿಟಾರ್ ತಲೆ ಸ್ವಲ್ಪ ಮೇಲಕ್ಕೆ ಇರಲಿ. ಆಗ ಮಣಿಕಟ್ಟು ಮಡಚುವುದು ಕಡಿಮೆ ಆಗುತ್ತದೆ. ನೋವು ಶುರುವಾದ ಕೂಡಲೇ ನಿಲ್ಲಿಸಿ. ಫ್ಯಾಕ್ಟರಿಯಲ್ಲೂ ನಿಮ್ಮದು ಕೈಕೆಲಸವೇ ಆದರೆ ಎರಡೂ ಸೇರಿ ಭಾರ ಬೀಳುತ್ತದೆ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು, ರಾತ್ರಿ ನೋವಿಗೆ ಎಚ್ಚರ ಆಗುವುದು ಇದ್ದರೆ ಮೊದಲು ಮೂಳೆ ಡಾಕ್ಟರ್ ಹತ್ತಿರ ಹೋಗಿ, ಗಿಟಾರ್ ಆಮೇಲೆ.

ಗುರು ಇಲ್ಲದಿದ್ದರೆ ಇಷ್ಟೇನಾ ಅಂದಿರಿ. ಇಷ್ಟೇ ಅಲ್ಲ. ಆದರೆ ನಿಮ್ಮ ಬಲಗೈ ನಿಲ್ಲುವುದು ಮೂರು ವರ್ಷ ನಿಮಗೆ ಕೇಳಿಸಲಿಲ್ಲ, ನನಗೆ ಎರಡನೇ ಸಲಕ್ಕೇ ಕೇಳಿಸಿತು. ವಿಡಿಯೋ ನಿಮಗೆ ತೋರಿಸುತ್ತದೆ, ನಿಮ್ಮನ್ನು ನೋಡುವುದಿಲ್ಲ. ಒಬ್ಬರೇ ಮುಂದುವರಿಯುವುದಾದರೆ ವಾರಕ್ಕೊಮ್ಮೆ ರೆಕಾರ್ಡ್ ಮಾಡಿ, ಮರುದಿನ ತಾಳ ಹಾಕುತ್ತಾ ಕೇಳಿ. ಖರ್ಚಿಲ್ಲ. ಅಪಾಯ ಅಂದರೆ, ಕೆಲವು ತಪ್ಪು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ವಾರಕ್ಕೆ ಎರಡು ಕ್ಲಾಸ್ ಸೇರಬಹುದು. ಆದರೆ ಶಿಫ್ಟ್ ತಪ್ಪಿಸುತ್ತದೆ, ಫೀಸ್ ಹೋಗುತ್ತದೆ, ಕೆಲವು ಕಡೆ ನಿಮ್ಮನ್ನು ಮತ್ತೆ ಸಿ ಕಾರ್ಡ್‌ನಿಂದ ಶುರು ಮಾಡಿಸುತ್ತಾರೆ. ಟ್ರಿನಿಟಿಯಂಥ ಗ್ರೇಡ್ ಪರೀಕ್ಷೆಗೆ ಓದಿದರೆ ಒಂದು ಕ್ರಮ ಸಿಗುತ್ತದೆ. ಆದರೆ ಪರೀಕ್ಷೆಯ ಮೂರು ನಾಲ್ಕು ಪೀಸ್ ಬಿಟ್ಟು ಬೇರೇನೂ ನುಡಿಸದವರನ್ನೂ ನಾನು ನೋಡಿದ್ದೇನೆ. ನಿಮಗೆ ನಾನು ಹೇಳುವುದು ತಿಂಗಳಿಗೊಮ್ಮೆ ಒಂದು ಗಂಟೆ ಯಾರಾದರೂ ಅನುಭವಸ್ಥರ ಮುಂದೆ ಕೂರುವುದು. "ನನಗೆ ಪಾಠ ಬೇಡ, ತಪ್ಪು ಎಲ್ಲಿ ಅಂತ ಹೇಳಿ" ಅಂತ ನೇರವಾಗಿ ಕೇಳಿ. ಆ ಒಂದು ತಪ್ಪನ್ನು ಮುಂದಿನ ತಿಂಗಳವರೆಗೆ ತಿದ್ದಿ.

ಇದಕ್ಕಿಂತಲೂ ಬಲವಾದದ್ದು ಬೇರೆಯವರ ಜೊತೆ ನುಡಿಸುವುದು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಆ ಕಂಪನಿ ಸೇರಿ, ಮುಂದೆ ರಂಗಸಂಗೀತಕ್ಕೇ ಹೊಸ ದಾರಿ ತೋರಿಸಿದರು. ಅಂಥ ಕಡೆ ಹಾಡುವವರು, ಬಾರಿಸುವವರ ನಡುವೆಯೇ ಬೆಳೆಯುವ ಅವಕಾಶ ಇರುತ್ತದೆ. ನಿಮ್ಮ ಬೀದಿಯಲ್ಲಿ ಭಜನೆ ಇದ್ದರೆ ಹೋಗಿ ಹಿಂದೆ ಕೂತು ಮೆಲ್ಲಗೆ ಕಾರ್ಡ್ ಹಿಡಿಯಿರಿ. ಗಣೇಶನ ಹಬ್ಬದಲ್ಲಿ ಹಾಡುವ ಹುಡುಗರ ಜೊತೆ ಒಂದು ಸಂಜೆ ಕೂರಿ. ಅಲ್ಲಿ ತಬಲಾದವರು ನಿಮ್ಮ ಎಫ್‌ಗಾಗಿ ಕಾಯುವುದಿಲ್ಲ. ಮೊದಲ ದಿನ ಎರಡು ಕಡೆ ಕೈ ಬಿಟ್ಟುಹೋಗುತ್ತದೆ, ಮುಖ ಕೆಂಪಾಗುತ್ತದೆ. ಅದೊಂದೇ ಅಲ್ಲಿನ ಅಪಾಯ. ನನ್ನ ವಿದ್ಯಾರ್ಥಿಗಳಲ್ಲಿ ನಿಂತವರು ಮತ್ತೆ ಹೊರಟಿದ್ದು ಹೆಚ್ಚಾಗಿ ಇಂಥ ಸಂಜೆಗಳಲ್ಲಿ.

ಮಾರಿಬಿಡಲಾ ಅಂತ ಕೇಳಿದಿರಿ. ಈಗ ಬೇಡ. ಮುಂದಿನ ವಾರದ ರಜೆಯಲ್ಲಿ ಮೊದಲು ಸ್ಕೇಲ್ ಇಟ್ಟು ಎತ್ತರ ಅಳೆಯಿರಿ, ತಂತಿ ಬದಲಿಸಿ, ಬೇಕಿದ್ದರೆ ಸೆಟಪ್ ಮಾಡಿಸಿ. ಆಮೇಲೆ ಇದೇ ಹಾಡನ್ನು ಮೂರು ತಿಂಗಳು ಕಳೆದು ಅದೇ ಫೋನಿನಲ್ಲಿ, ಅದೇ ಜಾಗದಲ್ಲಿ ಕೂತು ರೆಕಾರ್ಡ್ ಮಾಡಿ ಕಳಿಸಿ. ಎಫ್ ಶುದ್ಧವಾಗಿ ಬರದಿದ್ದರೂ ಚಿಂತೆ ಇಲ್ಲ. ನಾನು ಮೇಜಿನ ಮೇಲೆ ತಾಳ ಹಾಕುತ್ತಾ ಬಲಗೈಯನ್ನು ಮಾತ್ರ ಕೇಳುತ್ತೇನೆ.